ಮಕ್ಕಳ ಸಂಸ್ಥೆಯಲ್ಲಿ ಸೀನಿಯರ್ ಎಚ್‌ಆರ್ ಮ್ಯಾನೇಜರ್ ಕೆಲಸ: ಐದು ವರ್ಷ ಮಾಡಿದ ಮೇಲೆ

ಈ ಹುದ್ದೆಗೆ ಅರ್ಜಿ ಹಾಕಲಾ ಬೇಡವಾ ಅಂತ ಯೋಚಿಸುತ್ತಿರುವವರಿಗಾಗಿ ಬರೆಯುತ್ತಿದ್ದೇನೆ. ಹಲವು ದೇಶಗಳಲ್ಲಿ ಕೆಲಸ ಮಾಡುವ ಒಂದು ಮಕ್ಕಳ ಸಂಸ್ಥೆಯಲ್ಲಿ ಐದು ವರ್ಷ ಎಚ್‌ಆರ್ ನೋಡಿಕೊಂಡೆ. ಅದಕ್ಕೂ ಮುಂಚೆ ಹನ್ನೊಂದು ವರ್ಷ ಕಂಪನಿಗಳಲ್ಲಿ ಇದೇ ಕೆಲಸ. ಸಂಸ್ಥೆಯ ಹೆಸರು ಹೇಳುವುದಿಲ್ಲ. ನಾನು ಹೇಳಬೇಕೆಂದಿರುವುದು ಆ ಒಂದು ಸಂಸ್ಥೆಯ ಬಗ್ಗೆ ಅಲ್ಲ, ಆ ಕುರ್ಚಿಯ ಬಗ್ಗೆ. ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ. ಒಂದು ಯಾಕೆ ಹಿಡಿದುಕೊಂಡೆ ಅನ್ನುವುದು ಕೆಳಗಿದೆ.

ಮೊದಲು ಜಾಹೀರಾತಿನ ವಿಷಯ. ನೇಮಕಾತಿ, ಸಂಬಳದ ಗ್ರೇಡು, ಅಪ್ರೈಸಲ್, ತರಬೇತಿ, ಆಯಾ ದೇಶದ ಕಾರ್ಮಿಕ ಕಾನೂನು, ಇವೆಲ್ಲ ಎಲ್ಲ ಕಡೆ ಇರುವುದೇ. ಕಂಪನಿಯಲ್ಲಿ ಮಾಡಿದವರಿಗೆ ಹೊಸದೇನೂ ಅನ್ನಿಸುವುದಿಲ್ಲ. ಎಲ್ಲ ಮುಗಿದ ಮೇಲೆ ಕೆಳಗಡೆ ಒಂದು ಸಾಲು ಇರುತ್ತದೆ: ಮಕ್ಕಳ ಸುರಕ್ಷತೆಗೆ ಸಂಸ್ಥೆ ಬದ್ಧವಾಗಿದೆ, ಆಯ್ಕೆಯಾದವರ ಹಿನ್ನೆಲೆ ಪರಿಶೀಲಿಸಲಾಗುವುದು. ಅರ್ಜಿ ಹಾಕುವಾಗ ನಾನೂ ಅದನ್ನು ಓದಿ ಮುಂದಕ್ಕೆ ಹೋಗಿದ್ದೆ. ಕೆಲಸಕ್ಕೆ ಸೇರಿ ಆರು ತಿಂಗಳಾದ ಮೇಲೆ ಗೊತ್ತಾಯಿತು, ಈ ಹುದ್ದೆಯ ತಿರುಳೇ ಆ ಸಾಲು. ಉಳಿದದ್ದೆಲ್ಲ ಅದರ ಸುತ್ತ ಇರುವುದು.

ಯಾಕೆ ಅಂತ ಹೇಳುತ್ತೇನೆ. ಪ್ರವಾಹವೋ ಯುದ್ಧವೋ ಆಗಿ ಜನ ಟೆಂಟುಗಳಲ್ಲಿ ಇರುತ್ತಾರೆ ಅಂದುಕೊಳ್ಳಿ. ಸಂಸ್ಥೆಯ ಜಾಕೆಟ್ ಹಾಕಿಕೊಂಡು, ಕುತ್ತಿಗೆಗೆ ಐಡಿ ಕಾರ್ಡ್ ನೇತು ಹಾಕಿಕೊಂಡು ಒಬ್ಬರು ಬಂದರೆ, ಆ ತಾಯಿ ತನ್ನ ಮಗುವನ್ನು ಅವರ ಕೈಗೆ ಒಪ್ಪಿಸಿ ನೀರಿನ ಸಾಲಿಗೆ ಹೋಗುತ್ತಾಳೆ. ಆ ಮನುಷ್ಯ ಯಾರು, ಹಿಂದೆ ಎಲ್ಲಿದ್ದ, ಯಾಕೆ ಬಿಟ್ಟ, ಒಂದೂ ಅವಳಿಗೆ ಗೊತ್ತಿಲ್ಲ. ಅವಳು ನಂಬಿದ್ದು ಆ ಕಾರ್ಡನ್ನು. ಆ ಕಾರ್ಡ್ ಹೋಗುವುದು ನಮ್ಮ ಟೇಬಲ್ಲಿನಿಂದ. ಕಂಪನಿಯಲ್ಲಿ ತಪ್ಪು ಮನುಷ್ಯನನ್ನು ತೆಗೆದುಕೊಂಡರೆ ಮೂರು ತಿಂಗಳ ಸಂಬಳ ದಂಡ, ಪ್ರೊಬೇಷನ್‌ನಲ್ಲಿ ಕಳಿಸಿದರೆ ಆಯಿತು. ಇಲ್ಲಿ ಹಾಗಲ್ಲ.

ಪರಿಹಾರ ಕೆಲಸದ ಕ್ಷೇತ್ರ ಇದನ್ನು ಕಷ್ಟಪಟ್ಟು ಕಲಿತಿದೆ. ಒಂದು ಕಡೆ ತಪ್ಪು ಮಾಡಿ ಸುಮ್ನೆ ರಾಜೀನಾಮೆ ಕೊಟ್ಟು, ಇನ್ನೊಂದು ದೇಶದಲ್ಲಿ ಇನ್ನೊಂದು ಸಂಸ್ಥೆಗೆ ಸೇರಿಕೊಂಡವರ ಸುದ್ದಿಗಳು 2018ರಲ್ಲಿ ಜಗತ್ತಿನ ಪತ್ರಿಕೆಗಳಲ್ಲೆಲ್ಲ ಬಂದವು. ಹಳೆಯ ಸಂಸ್ಥೆ ರೆಫರೆನ್ಸ್ ಪತ್ರದಲ್ಲಿ ಸೇರಿದ ದಿನ, ಬಿಟ್ಟ ದಿನ, ಹುದ್ದೆ ಇಷ್ಟೇ ಬರೆದು ಕೈತೊಳೆದುಕೊಳ್ಳುತ್ತಿತ್ತು. ಅದಾದ ಮೇಲೆ 2019ರಲ್ಲಿ ಮಿಸ್‌ಕಂಡಕ್ಟ್ ಡಿಸ್‌ಕ್ಲೋಷರ್ ಸ್ಕೀಮ್ ಬಂತು, ಅಂದರೆ ಕೆಲಸದವರ ದುರ್ನಡತೆಯ ಮಾಹಿತಿಯನ್ನು ಸಂಸ್ಥೆಗಳು ಒಂದಕ್ಕೊಂದು ತಿಳಿಸುವ ಏರ್ಪಾಡು. ಅದಕ್ಕೆ ಸೇರಿರುವ ಸಂಸ್ಥೆಗಳು ಅಭ್ಯರ್ಥಿಯ ಹಿಂದಿನ ಐದು ವರ್ಷದ ಎಲ್ಲ ಕೆಲಸದ ಕಡೆಗೂ ಒಂದು ಫಾರ್ಮ್ ಕಳಿಸಬೇಕು. ಈ ವ್ಯಕ್ತಿಯ ಮೇಲೆ ಲೈಂಗಿಕ ಶೋಷಣೆ, ದೌರ್ಜನ್ಯ ಅಥವಾ ಕಿರುಕುಳದ ಆರೋಪ ಸಾಬೀತಾಗಿತ್ತಾ, ತನಿಖೆ ನಡೀತಾ ಇರುವಾಗಲೇ ಬಿಟ್ಟು ಹೋದರಾ ಅಂತ ನೇರವಾಗಿ ಕೇಳಬೇಕು. ಬೇರೆಯವರು ಕೇಳಿದಾಗ ನಾವೂ ಹಾಗೇ ಉತ್ತರ ಕೊಡಬೇಕು. ನೋಡೋಕೆ ಒಂದು ಸಾಮಾನ್ಯ ಫಾರ್ಮ್. ನನ್ನ ಐದು ವರ್ಷದಲ್ಲಿ ಅತಿ ಜಾಸ್ತಿ ಜಗಳ ಆಗಿದ್ದು ಇದರ ಮೇಲೇ.

ಒಂದು ಸಲದ್ದು ಹೇಳುತ್ತೇನೆ. ಭೂಕಂಪವಾಗಿ ಮೂರನೇ ವಾರ. ಟೆಂಟ್ ಶಾಲೆಗಳನ್ನು ನಡೆಸಲು ಒಬ್ಬ ಅನುಭವಿ ಬೇಕಾಗಿತ್ತು, ಸಿಕ್ಕಿದ್ದರು ಕೂಡ. ಒಳ್ಳೆಯ ಸಿವಿ, ಒಳ್ಳೆಯ ಮಾತು, ಅಲ್ಲಿನ ಭಾಷೆ ಬರುತ್ತಿತ್ತು. ಮೂರು ಕಡೆಯಿಂದ ಫಾರ್ಮ್ ಬರಬೇಕಿತ್ತು, ಎರಡು ಬಂದಿತ್ತು. ಆ ದೇಶದ ಕಚೇರಿಯ ಮುಖ್ಯಸ್ಥರು ದಿನಕ್ಕೆ ಎರಡು ಸಲ ಫೋನ್ ಮಾಡುತ್ತಿದ್ದರು. "ನೀವು ಅಲ್ಲಿ ಕೂತು ಕಾಗದ ಕಾಯ್ತಾ ಇದ್ದೀರಿ, ಇಲ್ಲಿ ಮಕ್ಕಳು ಬೀದಿಯಲ್ಲಿದ್ದಾರೆ" ಅಂದರು. ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ, ಅದೇ ಕಷ್ಟ. ನನ್ನ ಎದುರು ಕೂತವರು ಕೆಟ್ಟವರಾಗಿದ್ದರೆ ಬೇಡ ಅನ್ನುವುದು ಸುಲಭ. ಇಬ್ಬರೂ ಮಕ್ಕಳಿಗಾಗಿಯೇ ಜಗಳ ಆಡುತ್ತಿರುವಾಗ ಬೇಡ ಅನ್ನುವುದು ಸುಲಭ ಅಲ್ಲ. ಹನ್ನೊಂದು ದಿನ ತಡೆಹಿಡಿದೆ. ಮೂರನೇ ಫಾರ್ಮ್ ಬಂತು. ಏನೂ ಇರಲಿಲ್ಲ, ಮನುಷ್ಯ ಚೊಕ್ಕ. ಹನ್ನೊಂದು ದಿನ ಆ ಶಾಲೆಗಳು ನನ್ನಿಂದ ತಡವಾದವು. ಆ ರಾತ್ರಿ ನಿದ್ದೆ ಬರಲಿಲ್ಲ. ಆದರೂ ಮುಂದಿನ ಸಲ ಮತ್ತೆ ಕಾದೆ, ಅದರ ಮುಂದಿನ ಸಲವೂ ಕಾದೆ. ಇನ್ನೊಂದು ಸಲ ಫಾರ್ಮ್ ಎಲ್ಲೆಲ್ಲಿಗೆ ಹೋಗುತ್ತದೆ ಅಂತ ಹೇಳಿದ ಮಾರನೇ ದಿನವೇ ಒಬ್ಬ ಅಭ್ಯರ್ಥಿ ಎರಡು ಸಾಲಿನ ಮೇಲ್ ಹಾಕಿ ಅರ್ಜಿ ವಾಪಸ್ ತೆಗೆದುಕೊಂಡರು. ಕಾರಣ ಗೊತ್ತಿಲ್ಲ, ಬೇರೆ ಕಡೆ ಒಳ್ಳೆಯ ಕೆಲಸ ಸಿಕ್ಕಿರಬಹುದು. ಈ ಕುರ್ಚಿಯಲ್ಲಿ ಎಷ್ಟೋ ವಿಷಯ ಹೀಗೇ, ನೀವು ತಡೆದಿದ್ದು ಏನನ್ನು ಅಂತ ಯಾವತ್ತೂ ತಿಳಿಯುವುದಿಲ್ಲ.

ಇನ್ನು ನಡತೆ ನಿಯಮ. ಕೆಲಸಕ್ಕೆ ಸೇರುವ ಪ್ರತಿಯೊಬ್ಬರೂ ಸಹಿ ಹಾಕಬೇಕು. ಡ್ರೈವರ್, ಕಾವಲುಗಾರ, ಎರಡು ವಾರಕ್ಕೆ ಬರುವ ಫೋಟೋಗ್ರಾಫರ್, ಯಾರಿಗೂ ರಿಯಾಯಿತಿ ಇಲ್ಲ. ವಿಶ್ವಸಂಸ್ಥೆಯ ಸಂಸ್ಥೆಗಳೂ ದೊಡ್ಡ ಪರಿಹಾರ ಸಂಸ್ಥೆಗಳ ಒಕ್ಕೂಟಗಳೂ ಸೇರಿ 2002ರಲ್ಲಿ ಆರು ಮೂಲ ನಿಯಮ ಮಾಡಿದವು. ಅದರಲ್ಲಿ ಒಂದು ಹೀಗಿದೆ: ಹದಿನೆಂಟರ ಒಳಗಿನವರ ಜೊತೆ ಲೈಂಗಿಕ ಸಂಬಂಧ ಕೂಡದು, ಆ ಊರಿನ ಕಾನೂನಿನಲ್ಲಿ ಒಪ್ಪಿಗೆಯ ವಯಸ್ಸು ಎಷ್ಟೇ ಇರಲಿ. ವಯಸ್ಸು ಗೊತ್ತಿರಲಿಲ್ಲ ಅನ್ನುವುದು ನೆಪ ಆಗುವುದಿಲ್ಲ. ಸಹೋದ್ಯೋಗಿಯ ಮೇಲೆ ಅನುಮಾನ ಬಂದರೂ ತಿಳಿಸಲೇಬೇಕು ಅನ್ನುವುದು ಇನ್ನೊಂದು. ನಾನು ಬಂದಾಗ ಈ ಕಾಗದವನ್ನು ಪಿಎಫ್ ಫಾರ್ಮ್, ಬ್ಯಾಂಕ್ ಫಾರ್ಮ್‌ಗಳ ಕಟ್ಟಿನ ನಡುವೆ ಇಟ್ಟು ಸಹಿ ಹಾಕಿಸುತ್ತಿದ್ದರು. ಓದಿದವರು ಯಾರೂ ಇರಲಿಲ್ಲ. ಅದನ್ನು ಕಟ್ಟಿನಿಂದ ಹೊರಗೆ ತೆಗೆಸಿದೆ. ಎಲ್ಲರನ್ನೂ ಕೂರಿಸಿ, ಅವರ ಭಾಷೆಯಲ್ಲಿ, ಒಂದೊಂದು ಸಾಲೂ ಜೋರಾಗಿ ಓದಿಸುವುದು ಶುರು ಮಾಡಿದೆವು.

ಮೊದಲನೇ ಸಲ ಓದಿಸಿದಾಗ ಹಿಂದೆ ಕೂತಿದ್ದ ಒಬ್ಬ ಡ್ರೈವರ್ ಎದ್ದು ನಿಂತರು. "ನಮ್ಮ ಕಡೆ ಹದಿನಾರಕ್ಕೇ ದೊಡ್ಡವರು ಅಂತ ಲೆಕ್ಕ. ಆಗಲೂ ತಪ್ಪಾ?" ಕೋಣೆ ಗಪ್‌ಚುಪ್. ಅವರು ಮೊಂಡುತನಕ್ಕೆ ಕೇಳಿದ್ದಲ್ಲ, ನಿಜವಾಗಿ ತಿಳಿದುಕೊಳ್ಳೋಕೆ ಕೇಳಿದ್ದು. ತಪ್ಪು, ಕೆಲಸ ಹೋಗುತ್ತೆ ಅಂದೆ. ಆಮೇಲೆ ಮುಕ್ಕಾಲು ಗಂಟೆ ಬರೀ ಪ್ರಶ್ನೆ. ಮಗುವನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುವಾಗ ಗಾಡಿಯಲ್ಲಿ ನಾನೊಬ್ಬನೇ ಇದ್ದರೆ? ಮಗು ಅಳ್ತಾ ಬಂದು ತಬ್ಬಿಕೊಂಡರೆ? ಫೋಟೋ ತೆಗೆದು ಮನೆಯವರಿಗೆ ಕಳಿಸಬಹುದಾ? ಎಷ್ಟೋ ದಿನದಿಂದ ಒಳಗಿಟ್ಟುಕೊಂಡಿದ್ದ ಪ್ರಶ್ನೆಗಳು. ಇವರಿಗೆ ಯಾರೂ ಕೂತು ಹೇಳಿರಲಿಲ್ಲ, ಅಷ್ಟೇ. ನಾಲ್ಕು ಅಂಕದಲ್ಲಿ ಒಂದು ಆ ಮುಕ್ಕಾಲು ಗಂಟೆಗೆ.

ಇನ್ನೊಂದು ಅಂಕ ಮಕ್ಕಳ ಪ್ಯಾನೆಲ್‌ಗೆ. 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೇ ವಿಧಿ, ತಮಗೆ ಸಂಬಂಧಿಸಿದ ವಿಷಯದಲ್ಲಿ ಮಕ್ಕಳಿಗೆ ಮಾತಾಡುವ ಹಕ್ಕಿದೆ, ಆ ಮಾತಿಗೆ ಬೆಲೆ ಕೊಡಬೇಕು ಅನ್ನುತ್ತದೆ. ಕೆಲವು ಮಕ್ಕಳ ಸಂಸ್ಥೆಗಳು ಇದನ್ನು ನೇಮಕಾತಿಗೂ ತಂದಿವೆ. ಸಂದರ್ಶನದ ಒಂದು ಸುತ್ತಿನಲ್ಲಿ ಮಕ್ಕಳೇ ಕೂತು ಪ್ರಶ್ನೆ ಕೇಳುತ್ತಾರೆ. ನಮ್ಮಲ್ಲೂ ಇತ್ತು. ಮೊದಲು ನನಗೆ ಇದು ತೋರಿಕೆಗೆ ಮಾಡುವುದು ಅನ್ನಿಸಿತ್ತು. ಒಂದು ದಿನ ಹನ್ನೆರಡು ವರ್ಷದ ಹುಡುಗಿಯೊಬ್ಬಳು ಕಾಲು ಕುರ್ಚಿಯ ಮೇಲೆ ಮಡಚಿ ಕೂತು, ಒಬ್ಬ ದೊಡ್ಡ ಅಧಿಕಾರಿ ಹುದ್ದೆಯ ಅಭ್ಯರ್ಥಿಯನ್ನು ಕೇಳಿದಳು: "ನೀವೇ ನಮಗೆ ಏನಾದ್ರೂ ತಪ್ಪು ಮಾಡಿದ್ರೆ ನಾವು ಯಾರಿಗೆ ಹೇಳ್ಬೇಕು?" ಇಪ್ಪತ್ತು ವರ್ಷ ಅನುಭವ ಇದ್ದ ಆ ಮನುಷ್ಯ, ಅಂಥದ್ದೆಲ್ಲ ಆಗಲ್ಲಮ್ಮ ಅಂತ ನಕ್ಕರು. ಆಮೇಲೆ ಬಂದವರು ಒಂದು ನಿಮಿಷ ಯೋಚಿಸಿ, "ನನಗಿಂತ ಮೇಲಿನವರ ನಂಬರ್ ಗೋಡೆ ಮೇಲೆ ಬರೆದಿರಬೇಕು, ನಿಮ್ಮ ಕೈಗೆ ಎಟುಕೋ ಎತ್ತರದಲ್ಲಿ" ಅಂದರು. ಯಾರನ್ನು ತೆಗೆದುಕೊಂಡೆವು ಅಂತ ಬೇರೆ ಹೇಳಬೇಕಾಗಿಲ್ಲ. ನಮ್ಮ ಎರಡು ಪುಟದ ಪ್ರಶ್ನೆಪಟ್ಟಿಯಲ್ಲಿ ಅಷ್ಟು ಚೂಪಾದ ಪ್ರಶ್ನೆ ಒಂದೂ ಇರಲಿಲ್ಲ.

ಈಗ ಹಿಡಿದುಕೊಂಡ ಅಂಕದ ಕಥೆ. ಇಂಥ ಸಂಸ್ಥೆಗಳಲ್ಲಿ ಹಣ ಪ್ರಾಜೆಕ್ಟ್ ಲೆಕ್ಕದಲ್ಲಿ ಬರುತ್ತದೆ. ಡೋನರ್ ಹದಿನೆಂಟು ತಿಂಗಳಿಗೆ ಕೊಟ್ಟರೆ ಕೆಲಸದವರ ಕಾಂಟ್ರಾಕ್ಟೂ ಹದಿನೆಂಟು ತಿಂಗಳು. ಒಬ್ಬರ ಫೈಲ್ ತೆಗೆದು ನೋಡಿದೆ. ಒಂಬತ್ತು ವರ್ಷದಲ್ಲಿ ಒಂಬತ್ತು ಕಾಂಟ್ರಾಕ್ಟ್, ಎಲ್ಲದರ ಕೊನೆಯಲ್ಲೂ ಅವರದೇ ಸಹಿ, ಮೊದಲನೆಯದು ನೀಟಾಗಿ, ಕೊನೆಯದು ಒಂದು ಗೀಟು. ಮನೆ ಸಾಲಕ್ಕೆ ಬ್ಯಾಂಕ್‌ಗೆ ಪತ್ರ ಬೇಕು ಅಂತ ಬಂದಿದ್ದರು. ಖಾಯಂ ನೌಕರರು ಅಂತ ಬರೆದುಕೊಡಿ ಅಂದರು. ಬರೆಯೋಕೆ ಆಗಲಿಲ್ಲ. ಮಕ್ಕಳ ಭವಿಷ್ಯದ ಬಗ್ಗೆ ಮಾತಾಡುವ ಕಡೆಯಲ್ಲಿ ಕೆಲಸ ಮಾಡುವವರಿಗೆ ಮುಂದಿನ ಮಾರ್ಚ್ ತಿಂಗಳು ಕಾಣದೆ ಇರುವುದು ನನಗೆ ಇವತ್ತಿಗೂ ಸರಿ ಕಾಣುವುದಿಲ್ಲ.

ಇದರ ಜೊತೆಗೇ ಇರುವುದು ಎರಡು ಸಂಬಳದ ಪಟ್ಟಿ. ಹೊರದೇಶದಿಂದ ಬಂದವರಿಗೆ ಒಂದು, ಅದೇ ದೇಶದವರಿಗೆ ಇನ್ನೊಂದು. ಪಕ್ಕಪಕ್ಕದ ಟೇಬಲ್, ಹೆಚ್ಚುಕಡಿಮೆ ಒಂದೇ ಜವಾಬ್ದಾರಿ, ಸಂಬಳ ಮಾತ್ರ ಅಜಗಜಾಂತರ. ಬಾಡಿಗೆ, ಮಕ್ಕಳ ಶಾಲೆ ಫೀಸು ಒಬ್ಬರಿಗೆ ಮಾತ್ರ. ಕಾರಣಗಳು ಇವೆ, ನಾನೇ ಎಷ್ಟೋ ಸಲ ಅವನ್ನು ವಿವರಿಸಿದ್ದೇನೆ. ವಿವರಿಸುವಾಗ ಎದುರಿಗಿರುವವರ ಮುಖ ನೋಡುವುದೇ ಕಷ್ಟ ಆಗುತ್ತಿತ್ತು. ಸ್ಥಳೀಯರಿಗೆ ದೊಡ್ಡ ಹುದ್ದೆ ಕೊಡಬೇಕು ಅನ್ನುವ ಮಾತು 2016ರ ನಂತರ ಜೋರಾಗಿದೆ, ಒಳ್ಳೆಯದೇ. ಸಂಬಳದ ಪಟ್ಟಿ ಮಾತ್ರ ಅಷ್ಟು ಬೇಗ ಬದಲಾಗುತ್ತಿಲ್ಲ.

ನಮ್ಮ ಇಲಾಖೆಯೇ ಖರ್ಚಿನ ಲೆಕ್ಕದಲ್ಲಿ ಓವರ್‌ಹೆಡ್, ಅಂದರೆ ಯಾವ ಪ್ರಾಜೆಕ್ಟಿಗೂ ನೇರವಾಗಿ ಸೇರದ ಆಡಳಿತ ಖರ್ಚು. ಯುರೋಪಿಯನ್ ಯೂನಿಯನ್‌ನ ನೆರವು ಅನುದಾನಗಳಲ್ಲಿ ಇಂಥ ಪರೋಕ್ಷ ಖರ್ಚಿಗೆ ಸಾಮಾನ್ಯವಾಗಿ ಶೇಕಡಾ 7 ಮಿತಿ. ಎಚ್‌ಆರ್, ಅಕೌಂಟ್ಸ್, ಐಟಿ, ಕಚೇರಿ ಬಾಡಿಗೆ ಎಲ್ಲ ಆ ಒಂದೇ ಗಂಟಿನಿಂದ ಬರಬೇಕು. ದಾನ ಕೊಡುವವರಿಗೂ ಆಡಳಿತ ಖರ್ಚು ಕಡಿಮೆ ಇದ್ದಷ್ಟೂ ಖುಷಿ. ಆದರೆ ಮೇಲೆ ಹೇಳಿದ ಫಾರ್ಮ್ ಕಳಿಸಿ, ಹಿಂದೆ ಬಿದ್ದು, ಉತ್ತರ ತರಿಸುವುದು ಒಬ್ಬ ಮನುಷ್ಯನ ಸಂಬಳ. ಅದೂ ಆಡಳಿತ ಖರ್ಚೇ. ಮಗುವಿನ ಊಟಕ್ಕೆ ಕೊಟ್ಟ ಹಣ ಕಾಗದಕ್ಕೆ ಹೋಯಿತು ಅನ್ನುವವರಿಗೆ ನಾನು ಈ ಫಾರ್ಮಿನ ಕೆಲಸವನ್ನೇ ಬಿಡಿಸಿ ಹೇಳುತ್ತೇನೆ.

ಕೆಲಸದವರ ಸುರಕ್ಷತೆ ಕೂಡ ನಿಮ್ಮ ತಲೆ ಮೇಲೇ ಇರುತ್ತದೆ. 2012ರಲ್ಲಿ ಕೀನ್ಯಾದ ದಾದಾಬ್ ನಿರಾಶ್ರಿತರ ಶಿಬಿರದ ಬಳಿ ನಾರ್ವೆಯ ಒಂದು ಪರಿಹಾರ ಸಂಸ್ಥೆಯ ಸಿಬ್ಬಂದಿಯನ್ನು ಅಪಹರಿಸಿದರು, ಒಬ್ಬ ಡ್ರೈವರ್ ಸತ್ತರು. 2015ರಲ್ಲಿ ಓಸ್ಲೋ ನ್ಯಾಯಾಲಯ ಸಂಸ್ಥೆಯದು ಘೋರ ನಿರ್ಲಕ್ಷ್ಯ ಅಂತ ಹೇಳಿ, ಬದುಕಿ ಬಂದ ನೌಕರನಿಗೆ ಪರಿಹಾರ ಕೊಡಿಸಿತು. ಒಳ್ಳೆಯ ಉದ್ದೇಶಕ್ಕೆ ಕೆಲಸ ಮಾಡ್ತೀವಿ ಅನ್ನುವುದು ಕೋರ್ಟಿನಲ್ಲಿ ನಿಲ್ಲುವುದಿಲ್ಲ. ಇದನ್ನು ನಾನು ಪ್ರತಿ ಹೊಸ ಮ್ಯಾನೇಜರ್‌ಗೂ ಹೇಳುತ್ತಿದ್ದೆ.

ನಿಮ್ಮ ಬಗ್ಗೆಯೂ ಒಂದು ಮಾತು. ತನಿಖೆಯ ಫೈಲ್‌ಗಳನ್ನು ಓದಬೇಕಾಗುತ್ತದೆ. ಮಗು ಹೇಳಿದ್ದನ್ನು ಮಗುವಿನ ಮಾತಿನಲ್ಲೇ ಬರೆದಿರುತ್ತಾರೆ. ಅದನ್ನು ಮನೆಗೆ ತೆಗೆದುಕೊಂಡು ಹೋಗಿ ಊಟದ ನಂತರ ಓದಬೇಡಿ. ನಾನು ಎರಡು ವರ್ಷ ಹಾಗೆ ಮಾಡಿ ಆರೋಗ್ಯ ಕೆಡಿಸಿಕೊಂಡೆ. ಕೌನ್ಸೆಲಿಂಗ್‌ಗೆ ಹೋಗಿ, ಹೋಗುತ್ತೇನೆ ಅಂತ ನಿಮ್ಮ ಟೀಮಿಗೂ ಹೇಳಿ, ಆಗ ಅವರೂ ಹೋಗುತ್ತಾರೆ.

ಸೇರುವ ಮುಂಚೆ ಸಂದರ್ಶನದಲ್ಲಿ ನೀವೂ ಕೇಳಿ. ಒಂದು ನೇಮಕಾತಿಯನ್ನು ನಿಲ್ಲಿಸುವ ಅಧಿಕಾರ ಕೊನೆಗೆ ಯಾರ ಕೈಯಲ್ಲಿದೆ, ನಿಮ್ಮ ಕೈಯಲ್ಲಾ, ಆ ದೇಶದ ಮುಖ್ಯಸ್ಥರ ಕೈಯಲ್ಲಾ? ಮಕ್ಕಳ ಸುರಕ್ಷತೆಗೆ ಬೇರೆ ಅಧಿಕಾರಿ ಇದ್ದಾರಾ, ಅಥವಾ ಅದನ್ನೂ ನಿಮಗೇ ಅಂಟಿಸುತ್ತಾರಾ? ನೌಕರನ ದೂರು ಕೇಳುವವರೂ ಅದೇ ನೌಕರನ ಮೇಲಿನ ತನಿಖೆ ನಡೆಸುವವರೂ ಒಬ್ಬರೇ ಆಗಿರಬಾರದು, ಅಲ್ವಾ? ಮೊದಲ ಪ್ರಶ್ನೆಗೆ ಉತ್ತರ ತಡವರಿಸಿದರೆ ಆ ಕಡೆ ಹೋಗಬೇಡಿ. ಸಂಬಳ ಕಂಪನಿಗಿಂತ ಕಡಿಮೆಯೇ ಇರುತ್ತದೆ, ಅದು ಗೊತ್ತಿದ್ದೇ ಬರಬೇಕು.

ಅರ್ಜಿ ಹಾಕುವುದು ಅಂತ ತೀರ್ಮಾನ ಮಾಡಿದರೆ, ಹಿಂದಿನ ಐದು ವರ್ಷ ನೀವು ಕೆಲಸ ಮಾಡಿದ ಎಲ್ಲ ಕಡೆಯ ಎಚ್‌ಆರ್ ವಿಳಾಸ, ಈಗಿರುವವರ ಹೆಸರು ಸಮೇತ ಜೋಡಿಸಿಟ್ಟುಕೊಳ್ಳಿ. ನಿಮ್ಮ ಬಗ್ಗೆಯೂ ಆ ಫಾರ್ಮ್ ಹೋಗುತ್ತದೆ. ನನ್ನದು ಬರುವುದಕ್ಕೆ ಒಂಬತ್ತು ದಿನ ಹಿಡಿಯಿತು.