ಮೀನು ಹೊತ್ತಿತ್ತೋ, ಕಲ್ಲು ಹೊತ್ತಿತ್ತೋ: ಸೆಕೆಂಡ್ ಹ್ಯಾಂಡ್ ಪಿಕಪ್ ಜೊತೆ ನಾಲ್ಕು ವರ್ಷ

ಗಾಡಿ: ಮಹೀಂದ್ರಾ ಬೊಲೆರೊ ಪಿಕಪ್, 2018ರ ಮಾಡೆಲ್, ಬಿಎಸ್-4 (ಹೊಗೆ ಮಾಲಿನ್ಯದ ಹಳೆಯ ನಿಯಮದ್ದು), 2523 ಸಿಸಿ ಡೀಸೆಲ್. ಕೊಂಡಿದ್ದು 2021ರ ನವೆಂಬರಿನಲ್ಲಿ, 5 ಲಕ್ಷ 40 ಸಾವಿರಕ್ಕೆ. ಆಗ ಮೀಟರಿನಲ್ಲಿ 91,000 ಕಿ.ಮೀ. ಇತ್ತು, ಈಗ 1,62,000 ದಾಟಿದೆ. ಓಡುವುದು ಹೊಸನಗರ ತಾಲ್ಲೂಕಿನ ನಗರ ಎಂಬ ಊರಿನಾಚೆ ಇರುವ ನಮ್ಮ ತೋಟದಿಂದ ಶಿವಮೊಗ್ಗದ ಅಡಿಕೆ ಮಂಡಿಗೆ, ಆಗಾಗ ಹುಲಿಕಲ್ ಘಾಟಿ ಇಳಿದು ಕುಂದಾಪುರಕ್ಕೆ, ಉಳಿದಂತೆ ಮನೆ, ತೋಟ, ಸೊಪ್ಪಿನ ಬೆಟ್ಟದ ನಡುವಿನ ಮಣ್ಣು ರಸ್ತೆಯಲ್ಲಿ.

ಮೊದಲು ಬಾಡಿಗೆ ಗಾಡಿಯಲ್ಲೇ ನಡೆಯುತ್ತಿತ್ತು. ಆದರೆ ಅಡಿಕೆ ಕೊಯ್ಲಿನ ಹೊತ್ತಿಗೆ ನಮ್ಮ ಕಡೆ ಬಾಡಿಗೆ ಗಾಡಿಯವನು ಊರ ದೇವರಿಗಿಂತ ದೊಡ್ಡವನು. ಮರ ಹತ್ತಿ ಕೊಯ್ಯುವ ಕೊನೆಗೌಡ ಬಂದು ಗೊನೆ ಇಳಿಸಿ ಹೋದ ಮೇಲೂ ಎರಡು ದಿನ ಗೊನೆ ತೋಟದಲ್ಲೇ ಬಿದ್ದಿರುತ್ತಿತ್ತು. ಆ ವರ್ಷ ಮಳೆಯೂ ಬಿಡದೆ ಎಳೆದಿತ್ತು. ಸಾಕಾಯ್ತು ಅಂತ ಸ್ವಂತ ಗಾಡಿ ಹುಡುಕಲು ಹೊರಟೆ. ಹೊಸ ಗಾಡಿಗೆ ಕೈಯಲ್ಲಿ ದುಡ್ಡಿರಲಿಲ್ಲ, ಸಾಲ ಮಾಡಲು ಮನಸ್ಸಿರಲಿಲ್ಲ.

ಯಾವ ಕಂಪನಿ ಅನ್ನುವುದನ್ನು ಬೇಗ ತೀರ್ಮಾನ ಮಾಡಿದೆ. ಟಾಟಾ ಏಸ್ ಪೇಟೆಗೆ ಬಹಳ ಒಳ್ಳೆಯ ಗಾಡಿ, ಆದರೆ ಹಳೆಯ ಏಸ್‌ನ 702 ಸಿಸಿ, ಎರಡು ಸಿಲಿಂಡರ್ ಎಂಜಿನ್ನಿಗೆ ಹಸಿ ಅಡಿಕೆ ಹೇರಿ ನಮ್ಮ ಮನೆ ಏರು ಹತ್ತು ಅನ್ನುವುದು ಅನ್ಯಾಯ. ಅಶೋಕ್ ಲೇಲ್ಯಾಂಡ್ ದೋಸ್ತ್ ನೋಡಿದೆ, ಟಾರು ರಸ್ತೆಯವರಿಗೆ ಅದೇ ಲೇಸು. ಇಸುಜು ಡಿ-ಮ್ಯಾಕ್ಸ್ ಓಡಿಸಿ ನೋಡಿ ಮನಸೋತದ್ದು ನಿಜ. ಆದರೆ ಮಳೆಗಾಲದಲ್ಲಿ ಗಾಡಿ ನಿಂತರೆ ಅದನ್ನು ಬಿಚ್ಚುವವನು ಹತ್ತು ಕಿಲೋಮೀಟರ್ ಒಳಗೆ ಇರಬೇಕು, ಸಾಮಾನು ಸಂಜೆಯ ಬಸ್ಸಿಗೆ ಬರಬೇಕು. ನಗರದಲ್ಲಾಗಲಿ, ರಿಪ್ಪನ್‌ಪೇಟೆಯಲ್ಲಾಗಲಿ ಹುಡುಗರು ಕಣ್ಣುಮುಚ್ಚಿ ಬಿಚ್ಚುವುದು ಬೊಲೆರೊ. ಅಲ್ಲಿಗೆ ಚರ್ಚೆ ಮುಗಿಯಿತು.

ನಿಜವಾದ ತಲೆನೋವು ಶುರುವಾದದ್ದು ಯಾವ ಬೊಲೆರೊ ಅನ್ನುವಲ್ಲಿ. ಒಂದೂವರೆ ತಿಂಗಳಲ್ಲಿ ಏಳು ಗಾಡಿ ನೋಡಿದೆ. ಮೊದಲೆರಡು ಗಾಡಿ ನೋಡುವಾಗ ಎಲ್ಲರ ಹಾಗೆ ನಾನೂ ಮಾಡೆಲ್ ಯಾವುದು, ಕಿಲೋಮೀಟರ್ ಎಷ್ಟು, ಓನರ್ ಎಷ್ಟನೆಯವರು ಅಂತ ಕೇಳಿದೆ. ಮೂರನೆಯದರ ಹೊತ್ತಿಗೆ ನಮ್ಮ ಮೆಕ್ಯಾನಿಕ್ ಕಿವಿ ಹಿಂಡಿದ. "ಅದೆಲ್ಲ ಆಮೇಲೆ ಕೇಳಿ ಮಾರಾಯ್ರೆ. ಮೊದ್ಲು ಇದು ಏನು ಹೊತ್ತಿತ್ತು ಅಂತ ಕೇಳಿ." ನಾಲ್ಕು ವರ್ಷ ಓಡಿಸಿದ ಮೇಲೆ ನಾನು ಹೇಳುವುದೂ ಅದನ್ನೇ.

ಅವನು ಹಾಗೆ ಹೇಳಲು ಕಾರಣವಾದದ್ದು ಒಂದು ಕೆಎ-20, ಅಂದರೆ ಉಡುಪಿ ನಂಬರಿನ ಗಾಡಿ. 2019ರದ್ದು, ಬೆಳ್ಳಗೆ ಹಾಲಿನ ಹಾಗೆ ಹೊಳೆಯುತ್ತಿತ್ತು, 4 ಲಕ್ಷ 60 ಸಾವಿರ ಅಂದರು. ಅಷ್ಟು ಕಡಿಮೆಗೆ ಯಾಕೆ ಕೊಡುತ್ತಾರೆ ಅಂತ ನಾನು ಕೇಳಲಿಲ್ಲ, ಖುಷಿಪಟ್ಟೆ. ಹಿಂದಿನ ಬಾಡಿಯ ತಳಕ್ಕೆ ಹೊಸ ತಗಡು ಹೊಡೆದಿದ್ದರು. ಮೆಕ್ಯಾನಿಕ್ ಮೂಗರಳಿಸಿ ನಿಂತ. ನನಗೇನೂ ವಾಸನೆ ಬರಲಿಲ್ಲ, ಬರೀ ಪೇಂಟಿನ ವಾಸನೆ. ಅವನು ಅಂಗಾತ ಮಲಗಿ ಒಳಗೆ ತೂರಿದ, ಸ್ಕ್ರೂಡ್ರೈವರ್ ಹಿಡಿಯಿಂದ ಗಾಡಿಯ ಬೆನ್ನೆಲುಬಾದ ಚಾಸಿಯನ್ನು ಉದ್ದಕ್ಕೂ ಬಡಿಯುತ್ತಾ ಹೋದ. ಮುಂದೆಲ್ಲ ಟಣ್ ಟಣ್. ಹಿಂದಿನ ಚಕ್ರದ ಹತ್ತಿರ ಬಂದಾಗ ದಬ್ ದಬ್. ಉಗುರಿನಿಂದ ಕೆರೆದರೆ ಚಾಸಿಯ ಮೈ ಹಳೆ ಗೋಡೆಯ ಸುಣ್ಣದ ಹಾಗೆ ಹೆಕ್ಕಳೆಯಾಗಿ ಕೈಗೆ ಬಂತು. ಮೀನಿನ ಗಾಡಿ. ಐಸು ಕರಗಿದ ಉಪ್ಪುನೀರು ದಿನವೂ ತಳದಿಂದ ಸೋರಿ ಚಾಸಿಯ ಮೇಲೆ, ಬ್ರೇಕ್ ಪೈಪಿನ ಮೇಲೆ, ಭಾರ ಹೊರುವ ಸ್ಪ್ರಿಂಗಿನ ಬ್ಲೇಡ್ ಪಟ್ಟಿಗಳ ನಡುವೆ ಇಳಿದಿರುತ್ತದೆ. ಎಂಜಿನ್ ಎಷ್ಟು ಚೆನ್ನಾಗಿದ್ದರೂ ಚಾಸಿ ತಿಂದುಹೋದ ಗಾಡಿಯನ್ನು ಘಾಟಿಯಲ್ಲಿ ಇಳಿಸಲು ನನಗಂತೂ ಧೈರ್ಯವಿಲ್ಲ. ಕರಾವಳಿಯ ಗಾಡಿ ಎಲ್ಲವೂ ಹೀಗೆ ಅಂತಲ್ಲ. ಕೆಎ-20 ನೋಡಿದ ಕೂಡಲೇ ತಿರುಗಿ ಬರಬೇಡಿ, ಆದರೆ ಬಗ್ಗಿ ನೋಡದೆ ಅಡ್ವಾನ್ಸ್ ಕೊಡಬೇಡಿ.

ಇನ್ನೊಂದು ಸಾಗರದ ಕಡೆಯದು, ಕೆಂಪುಕಲ್ಲು ಹೊತ್ತ ಗಾಡಿ. ಅವರು ಮುಚ್ಚಿಡಲಿಲ್ಲ, ಹೆಮ್ಮೆಯಿಂದ ಹೇಳಿದರು: "ಹಿಂದೆ ಎರಡು ಪಟ್ಟಿ ಜಾಸ್ತಿ ಹಾಕ್ಸಿದೀವಿ ಸಾರ್, ಎಷ್ಟು ಬೇಕಾದ್ರೂ ಹೇರಿ." ಕಲ್ಲು ಒಂದೊಂದು ಮೂವತ್ತು ಕೆಜಿ ತೂಗಿದರೂ ನೂರು ಕಲ್ಲಿಗೆ ಮೂರು ಟನ್. ಕಂಪನಿ ಹೇಳಿರುವುದು ಒಂದೂವರೆ ಟನ್ನಿನ ಸುತ್ತಮುತ್ತ. ಪಟ್ಟಿ ಜಾಸ್ತಿ ಹಾಕಿದರೆ ಗಾಡಿ ಕೂರುವುದಿಲ್ಲ, ನಿಜ. ಆದರೆ ಆ ಭಾರ ಹೋಗುವುದೆಲ್ಲಿಗೆ? ಚಾಸಿಗೆ, ಹಿಂದಿನ ಆಕ್ಸಲ್ ಹೌಸಿಂಗಿಗೆ, ವೀಲ್ ಬೇರಿಂಗಿಗೆ, ಬ್ರೇಕಿಗೆ. ಕ್ಯಾಬಿನ್ನಿನ ಬೆನ್ನ ಹಿಂದೆ ಚಾಸಿಗೆ ವೆಲ್ಡಿಂಗ್ ಹೊಡೆದು ಕಪ್ಪು ಬಣ್ಣ ಬಳಿದಿದ್ದರು. ಓಡಿಸುವಾಗ ನಲವತ್ತರ ವೇಗದಲ್ಲಿ ಹಿಂದಿನಿಂದ ಜೇನುಗೂಡಿನ ಹಾಗೆ ಗುಂಯ್ ಅನ್ನುವ ಸದ್ದು, ಆಕ್ಸಿಲರೇಟರ್ ಬಿಟ್ಟರೆ ಸದ್ದಿನ ರಾಗ ಬದಲಾಗುತ್ತಿತ್ತು. ಅದು ಹಿಂದಿನ ಆಕ್ಸಲ್ಲಿನ ಗೇರು, ಅಂದರೆ ಕ್ರೌನ್ ಪಿನಿಯನ್, ಸವೆದ ಲಕ್ಷಣ.

ದಾವಣಗೆರೆ ಕಡೆಯ ಒಂದು ಗಾಡಿ ತಳದಲ್ಲಿ ತುಕ್ಕಿನ ಸುಳಿವೇ ಇಲ್ಲದೆ ಸಿಕ್ಕಿತು. ಬಯಲುಸೀಮೆಯ ಗಾಡಿಯ ಸುಖ ಅದು. ಆದರೆ ನಾವು ಹೇಳದೆ ಬೆಳಿಗ್ಗೆ ಏಳಕ್ಕೆ ಹೋದರೂ ಬಾನೆಟ್ ಬಿಸಿ ಇತ್ತು. ತಣ್ಣಗಿರುವಾಗ ಸ್ಟಾರ್ಟ್ ಆಗಲು ಒದ್ದಾಡುತ್ತದೆ ಅನ್ನುವುದನ್ನು ಮುಚ್ಚಲು ಬ್ರೋಕರ್ ಬೆಳಗಾಗುವ ಮೊದಲೇ ಬಿಸಿ ಮಾಡಿಟ್ಟಿದ್ದ. ಎಂಜಿನ್ ಓಡುತ್ತಿರುವಾಗ ಆಯಿಲ್ ಹಾಕುವ ಮುಚ್ಚಳ ತೆಗೆದು ತಲೆಕೆಳಗು ಮಾಡಿ ಅಲ್ಲೇ ಇಟ್ಟೆವು. ಕುಣಿದು ಕೆಳಗೆ ಬಿತ್ತು, ಬಾಯಿಂದ ಬುಸಬುಸ ಹೊಗೆ. ಪಿಸ್ಟನ್ ರಿಂಗ್ ಸವೆದು ಸಿಲಿಂಡರಿನ ಗಾಳಿ ಕೆಳಗಿಳಿಯುತ್ತಿದೆ ಎಂದರ್ಥ. ಎಂಜಿನ್ ಕೆಲಸಕ್ಕೆ ಲಕ್ಷದ ಹತ್ತಿರ ಬೇಕು ಅಂತ ಲೆಕ್ಕ ಹಾಕಿ ವಾಪಸ್ ಬಂದೆವು. ದಾರಿಯಲ್ಲಿ ತಿಂದ ಬೆಣ್ಣೆ ದೋಸೆ ಮಾತ್ರ ಲಾಭ.

ಬಿಎಸ್-6 ಗಾಡಿಯ ವಿಷಯ ಬಹಳ ಜನ ಕೇಳುತ್ತಾರೆ. 2020ರ ಏಪ್ರಿಲ್ ಒಂದರಿಂದ ಬಂದ ಗಾಡಿಗಳು ಅವು. ಈಗ ಸೆಕೆಂಡ್ ಹ್ಯಾಂಡ್‌ನಲ್ಲಿ ಧಾರಾಳವಾಗಿ ಸಿಗುತ್ತವೆ. ನಾನು ಬೇಡ ಅಂದದ್ದು ಡಿಪಿಎಫ್ ಕಾರಣಕ್ಕೆ. ಹೊಗೆಯ ಮಸಿಯನ್ನು ಹಿಡಿದಿಟ್ಟುಕೊಳ್ಳುವ ಜಾಲರಿ ಅದು. ಸೈಲೆನ್ಸರ್ ಚೆನ್ನಾಗಿ ಕಾದಾಗ ಆ ಮಸಿ ಸುಟ್ಟು ಬೂದಿಯಾಗಬೇಕು. ಕಾಯಬೇಕಾದರೆ ಗಾಡಿ ಒಂದೇ ಸಮನೆ ಇಪ್ಪತ್ತು ನಿಮಿಷವಾದರೂ ಓಡಬೇಕು. ನಮ್ಮದೇನಿದ್ದರೂ ಸೊಸೈಟಿಗೆ ಆರು ಕಿಲೋಮೀಟರ್, ಎರಡನೇ ಗೇರು, ಮೂರನೇ ಗೇರು, ದಾರಿಯಲ್ಲಿ ಮೂರು ಕಡೆ ದಣಪೆ, ಅಂದರೆ ಬೇಲಿಯ ಗೇಟು. ನೆಂಟರೊಬ್ಬರ ಗಾಡಿಯಲ್ಲಿ ಮಳೆಗಾಲದ ತುಂಬ ಹಳದಿ ದೀಪ ಉರಿಯುತ್ತಿತ್ತು, ಅದನ್ನು ಆರಿಸಲೆಂದೇ ಖಾಲಿ ಗಾಡಿಯನ್ನು ಶಿವಮೊಗ್ಗದವರೆಗೆ ಓಡಿಸಿಕೊಂಡು ಹೋಗಿಬರುತ್ತಿದ್ದರು. ವಾರಕ್ಕೆರಡು ಸಲ ಶಿವಮೊಗ್ಗಕ್ಕೋ ಹುಬ್ಬಳ್ಳಿಗೋ ಹೋಗುವವರಾದರೆ ಬಿಎಸ್-6 ಧೈರ್ಯವಾಗಿ ತಗೊಳ್ಳಿ. ತೋಟ ಬಿಟ್ಟು ಹೋಗದ ಗಾಡಿಗೆ ಅದು ಹೊಂದುವುದಿಲ್ಲ.

ನಮ್ಮ ಗಾಡಿ ಸಿಕ್ಕಿದ್ದು ಶಿವಮೊಗ್ಗದಲ್ಲೇ. ಬಿಸ್ಕತ್ತು, ಚಿಪ್ಸ್ ಅಂಗಡಿಗಳಿಗೆ ಹಂಚುವವರದ್ದು. ಚಿಪ್ಸ್ ಪ್ಯಾಕೆಟ್ ಗಾಡಿ ತುಂಬ ಒಟ್ಟಿದರೂ ಭಾರವೇನು ಮಹಾ! ಪಟ್ಟಿಗಳು ಬಾಗಿರಲಿಲ್ಲ, ಚಾಸಿ ಕಾರ್ಖಾನೆಯಿಂದ ಬಂದ ಹಾಗೇ ಇತ್ತು, ತಣ್ಣನೆ ಎಂಜಿನ್ ಒಂದೇ ಸಲಕ್ಕೆ ಹಿಡಿಯಿತು, ಮುಚ್ಚಳ ಅಲುಗಾಡಲಿಲ್ಲ. ಆದರೆ ಪ್ರತಿ ಕಸುಬೂ ಗಾಡಿಯ ಮೇಲೆ ತನ್ನ ಗುರುತು ಬಿಡುತ್ತದೆ ಎಂದು ಮೆಕ್ಯಾನಿಕ್ ಅವತ್ತೇ ಹೇಳಿದ್ದ. ದಿನಕ್ಕೆ ಐವತ್ತು ಅಂಗಡಿ, ಐವತ್ತು ಸಲ ನಿಲ್ಲಿಸು, ಐವತ್ತು ಸಲ ಹೊರಡಿಸು. "ಕ್ಲಚ್ಚು ಹೋಗಿರತ್ತೆ, ಸೆಲ್ಫೂ ಹೋಗಿರತ್ತೆ. ರೇಟಲ್ಲಿ ಇಪ್ಪತ್ತು ಸಾವಿರ ಕಡಿಮೆ ಮಾಡ್ಸಿ." ಹದಿನೈದು ಕಡಿಮೆ ಮಾಡಿದರು. ಐದನೇ ತಿಂಗಳಿಗೆ ಕ್ಲಚ್, ಕೂಲಿ ಸೇರಿ 11,500. ಎಂಟನೇ ತಿಂಗಳಿಗೆ ಸೆಲ್ಫ್ ಮೋಟಾರ್ ರಿಪೇರಿ, 2,800. ಅವನ ಜ್ಯೋತಿಷ್ಯ ತಪ್ಪಲಿಲ್ಲ.

ಎಡವಿದ್ದು ಕಾಗದದಲ್ಲಿ, ಅದೂ ನನ್ನದೇ ಅವಸರದಿಂದ. ಹಂಚುವವರ ಗಾಡಿಗೆ ಹಿಂದೆ ಮುಚ್ಚಿದ ಡಬ್ಬ ಕಟ್ಟಿತ್ತು. ಅಡಿಕೆಗೆ, ಗೊಬ್ಬರಕ್ಕೆ ಅದು ಯಾಕೆ ಅಂತ ತಂದ ವಾರವೇ ಬಿಚ್ಚಿಸಿ ತೆರೆದ ಬಾಡಿ ಕೂರಿಸಿದೆ. ಎಫ್‌ಸಿಗೆ (ಗಾಡಿ ಓಡಲು ಯೋಗ್ಯ ಅನ್ನುವ ಪ್ರಮಾಣಪತ್ರಕ್ಕೆ) ಹೋದಾಗ ಆರ್‌ಸಿಯಲ್ಲಿ ಒಂದು ಬಾಡಿ, ಎದುರಿಗೆ ಇನ್ನೊಂದು ಬಾಡಿ. ಬಾಡಿ ಬದಲಿಸುವ ಮೊದಲೇ ಆರ್‌ಟಿಒ ಒಪ್ಪಿಗೆ ಪಡೆದು ಆರ್‌ಸಿಯಲ್ಲಿ ಬರೆಸಬೇಕಂತೆ. ಮೂರು ಸಲ ಅಲೆದೆ. ಹೆಸರು ಬದಲಾವಣೆಗೆ ಫಾರಂ 29, 30 ಎಲ್ಲರಿಗೂ ಗೊತ್ತು. ಹಳೆ ಓನರ್ ಸಾಲ ಮಾಡಿದ್ದರೆ ಫೈನಾನ್ಸಿನವರ ಸಹಿ ಇರುವ ಫಾರಂ 35 ಕೈಗೆ ಬರುವವರೆಗೆ ಪೂರ್ತಿ ದುಡ್ಡು ಕೊಡಬೇಡಿ. ಸಾಲ ತೀರಿದೆ ಅಂತ ಬಾಯಲ್ಲಿ ಹೇಳುವವರು ಬಹಳ. ಸರ್ಕಾರದ ಎಂಪರಿವಾಹನ್ ಆ್ಯಪ್‌ನಲ್ಲಿ ನಂಬರ್ ಹಾಕಿದರೆ ಸಾಲ, ಇನ್ಶೂರೆನ್ಸ್, ಎಫ್‌ಸಿ ಮೂರೂ ಕಾಣುತ್ತವೆ. ಆರ್‌ಸಿಯಲ್ಲಿ ಲೋಡು ಸೇರಿದ ಒಟ್ಟು ತೂಕ ಮೂರು ಟನ್ ದಾಟದಿದ್ದರೆ ಪರ್ಮಿಟ್ ಜಂಜಾಟವಿಲ್ಲ, ಅದನ್ನೂ ನೋಡಿಕೊಳ್ಳಿ. ಡ್ರೈವರ್‌ಗೆ ಬಾಡಿಗೆ ಗಾಡಿ ಓಡಿಸುವವರ ಬ್ಯಾಡ್ಜ್ ಬೇಕೇ ಬೇಕು ಅಂತ ಬ್ರೋಕರ್ ಹೆದರಿಸಿದ್ದ. ಎಲ್‌ಎಂವಿ (ಲಘು ವಾಹನ) ಲೈಸೆನ್ಸ್ ಇದ್ದರೆ 7,500 ಕೆಜಿ ಒಳಗಿನ ಸರಕು ಗಾಡಿ ಓಡಿಸಬಹುದು ಅಂತ ಸುಪ್ರೀಂ ಕೋರ್ಟ್ 2017ರಲ್ಲೇ ಹೇಳಿತ್ತು, 2024ರ ನವೆಂಬರಿನಲ್ಲಿ ಐವರ ಪೀಠವೂ ಅದನ್ನೇ ಎತ್ತಿಹಿಡಿಯಿತು.

ಓಡಿಸುವ ಅನುಭವಕ್ಕೆ ಬರುತ್ತೇನೆ. ಖಾಲಿ ಇದ್ದಾಗ ಹಿಂಭಾಗ ಕುದುರೆಮರಿ. ಬ್ಲೇಡ್ ಪಟ್ಟಿಯ ಯಾವ ಪಿಕಪ್ ಆದರೂ ಹೀಗೇ. ಹೆಂಡತಿ ಒಂದು ಸಲ ಶಿವಮೊಗ್ಗದವರೆಗೆ ಬಂದವಳು, ಆಮೇಲೆ ಬಸ್ಸೇ ವಾಸಿ ಅಂದಳು. ಆರೇಳು ಕ್ವಿಂಟಾಲ್ ಬಿದ್ದರೆ ಮೆತ್ತಗಾಗುತ್ತದೆ. ಎಳೆತ ಧಾರಾಳ. ಮನೆ ಏರಿನಲ್ಲಿ ಕುರಿಗೊಬ್ಬರದ ಲೋಡಿನೊಂದಿಗೆ ಒಂದನೇ ಗೇರಿನಲ್ಲಿ ಅವಸರವಿಲ್ಲದೆ, ಎಮ್ಮೆ ಹತ್ತಿದ ಹಾಗೆ ಹತ್ತುತ್ತದೆ. ಮೈಲೇಜು ಖಾಲಿಗೆ ಹದಿನಾಲ್ಕು, ಮಂಡಿಗೆ ಅಡಿಕೆ ಹೇರಿ ಹೋದರೆ ಹನ್ನೊಂದೂವರೆ, ಘಾಟಿ ಹತ್ತಿದ ದಿನ ಒಂಬತ್ತೂವರೆ.

ಮಳೆಗಾಲ ಬೇರೆಯದೇ ಕಥೆ. ಎಂಜಿನ್ ಮುಂದೆ, ಓಡಿಸುವುದು ಹಿಂದಿನ ಚಕ್ರ, ಮೇಲೆ ಭಾರವಿಲ್ಲ. ಜೂನ್ ಕಳೆದ ಮೇಲೆ ನಮ್ಮ ಮಣ್ಣು ರಸ್ತೆಯಲ್ಲಿ ಖಾಲಿ ಪಿಕಪ್ ಅಂದರೆ ಎಣ್ಣೆ ಸವರಿದ ಬಾಳೆಲೆಯ ಮೇಲಿನ ಗೋಲಿ. ಮೊದಲ ವರ್ಷ ರಸ್ತೆ ಬದಿಯ ಧರೆಗೆ ಒರಗಿ ಅರ್ಧ ದಿನ ನಿಂತಿತ್ತು. ಈಗ ಮಳೆಗಾಲದ ನಾಲ್ಕು ತಿಂಗಳೂ ಹಿಂದಿನ ಚಕ್ರದ ಮೇಲೆ ಬರುವ ಹಾಗೆ ಆರು ಮರಳು ಚೀಲ ಇಟ್ಟಿರುತ್ತೇನೆ, ಆಕ್ಸಲ್‌ಗಿಂತ ಹಿಂದೆ ಅಲ್ಲ. ಅಡಿಕೆಯ ಕೊಳೆ ರೋಗಕ್ಕೆ ಔಷಧಿ ಹೊಡೆಯುವ ದಿನಗಳಲ್ಲಿ ಬೋರ್ಡೋ ದ್ರಾವಣದ ಡ್ರಮ್ಮೇ ಆ ಕೆಲಸ ಮಾಡುತ್ತದೆ. ಆದರೆ ಚೆಲ್ಲಿದ ಮೈಲುತುತ್ತ ತಗಡು ತಿನ್ನುತ್ತದೆ, ಅವತ್ತೇ ತೊಳೆಯಬೇಕು. ನಾನು ಎರಡು ಸಲ ನಾಳೆ ನೋಡೋಣ ಅಂದೆ, ತಳದಲ್ಲಿ ಕೈ ಅಗಲದ ತೂತು ಬಿತ್ತು. ಮೀನಿನ ಗಾಡಿಯವನನ್ನು ಬೈದಿದ್ದ ನನಗೆ ಅದು ಸರಿಯಾಗೇ ಆಯ್ತು.

ಹುಲಿಕಲ್ ಇಳಿಯುವಾಗ ಹಳಬರ ನಿಯಮ ಪಾಲಿಸುತ್ತೇನೆ: ಯಾವ ಗೇರಿನಲ್ಲಿ ಹತ್ತುತ್ತೀಯೋ ಅದೇ ಗೇರಿನಲ್ಲಿ ಇಳಿ. ಲೋಡ್ ಇದ್ದರೆ ಎರಡನೇ ಗೇರು, ಬ್ರೇಕ್ ಮುಟ್ಟುವುದು ತಿರುವಿನಲ್ಲಿ ಮಾತ್ರ. ಡೀಸೆಲ್ ಉಳಿಸಲು ನ್ಯೂಟ್ರಲ್ ಹಾಕುವ, ಎಂಜಿನ್ನನ್ನೇ ಆರಿಸುವ ಡ್ರೈವರ್‌ಗಳಿದ್ದಾರೆ. ಎಂಜಿನ್ ಆರಿದರೆ ಬ್ರೇಕಿನ ಬೂಸ್ಟರ್‌ಗೆ ವ್ಯಾಕ್ಯೂಮ್ ಇಲ್ಲ, ಎರಡು ಸಲ ತುಳಿದ ಮೇಲೆ ಪೆಡಲ್ ಕಲ್ಲು. ನಾವು ಇಟ್ಟುಕೊಂಡಿದ್ದ ಒಬ್ಬ ಹುಡುಗನನ್ನು ಆ ಕಾರಣಕ್ಕೇ ಬಿಡಿಸಿದೆ.

ಇಷ್ಟು ವರ್ಷದ ದೊಡ್ಡ ರಿಪೇರಿ ಖರ್ಚೆಂದರೆ ಇಂಜೆಕ್ಟರ್, ಎರಡಕ್ಕೆ 18,000. ತಪ್ಪು ನನ್ನದು. ಮಳೆಗಾಲಕ್ಕೆಂದು ಬ್ಯಾರೆಲಿನಲ್ಲಿ ಡೀಸೆಲ್ ತುಂಬಿಟ್ಟಿದ್ದೆ, ತಂಪಿಗೆ ಬೆವರಿ ತಳದಲ್ಲಿ ನೀರು ನಿಂತಿತ್ತು. ಈಗ ಹದಿನೈದು ದಿನಕ್ಕೊಮ್ಮೆ ಫಿಲ್ಟರಿನ ತಳದ ತಿರುಪು ಸಡಿಲಿಸಿ ನೀರು ಬಿಡುತ್ತೇನೆ. ನಾಲ್ಕು ಟೈರಿಗೆ 27,000, ಬ್ಯಾಟರಿಗೆ 6,500, ಪಟ್ಟಿಯ ಬುಶ್, ಜಾಯಿಂಟ್ ಕ್ರಾಸ್ ಅಂತ ಚಿಲ್ಲರೆ ಲೆಕ್ಕ. ಹೊಟ್ಟೆ ಉರಿಸುವುದು ಇನ್ಶೂರೆನ್ಸ್: ಹಳದಿ ಬೋರ್ಡಿನ ಸರಕು ಗಾಡಿಗೆ ನಾನು ಕಟ್ಟಿದ್ದು ಥರ್ಡ್ ಪಾರ್ಟಿಗೇ 16,049 ರೂಪಾಯಿ, ಮೇಲೆ ಜಿಎಸ್‌ಟಿ. ವರ್ಷಕ್ಕೆ ಮೂರು ಸಾವಿರ ಕಿಲೋಮೀಟರ್ ಕೂಡ ಓಡಿಸದವರು ಈ ಲೆಕ್ಕ ನೋಡಿ ಬಾಡಿಗೆಯಲ್ಲೇ ಇರುವುದು ಮೇಲು. ದೇವರಿಗಿಂತ ದೊಡ್ಡವನಾದರೂ ಪರವಾಗಿಲ್ಲ.

ಈ ಮಾರ್ಚಿಗೆ ಗಾಡಿಗೆ ಎಂಟು ವರ್ಷ. ಇಲ್ಲಿಯವರೆಗೆ ಎರಡು ವರ್ಷಕ್ಕೊಮ್ಮೆ ಇದ್ದ ಎಫ್‌ಸಿ ಇನ್ನು ವರ್ಷವರ್ಷ. ಪಕ್ಕದ ಊರಿನವರೊಬ್ಬರು ನಾಲ್ಕು ಲಕ್ಷಕ್ಕೆ ಕೇಳಿದ್ದಾರೆ. ತಳದ ತೂತಿಗೆ ಹಾಕಿಸಿದ ಪ್ಯಾಚ್ ತೋರಿಸಿ, ಮೈಲುತುತ್ತದ ಕಥೆಯನ್ನೂ ಹೇಳಿದೆ. ಯೋಚನೆ ಮಾಡಿ ಹೇಳ್ತೀನಿ ಅಂತ ಹೋಗಿದ್ದಾರೆ. ಬೆಟ್ಟೆ ಅಡಿಕೆಯ ಒಂದು ಲಾಟ್ ಇನ್ನೂ ಮಂಡಿಗೆ ಹೋಗುವುದಿದೆ, ಅಲ್ಲಿಯವರೆಗೆ ನನಗೂ ಅವಸರವಿಲ್ಲ.