ಧ್ವನಿ ನಿಂತ ಕಂಪ್ಯೂಟರ್ ಮತ್ತು ಸಾಲಗಾಮೆ ರಸ್ತೆಯ ರಿಪೇರಿ ಅಂಗಡಿ

ಹಾಸನದ ಸಾಲಗಾಮೆ ರಸ್ತೆಯಲ್ಲಿ ಮಲೆನಾಡು ಎಂಜಿನಿಯರಿಂಗ್ ಕಾಲೇಜಿನ ಕಡೆಗೆ ಹೋಗುವಾಗ ಸಿಗುವ ಅಡ್ಡರಸ್ತೆಯೊಂದರಲ್ಲಿ, ಜೆರಾಕ್ಸ್ ಅಂಗಡಿಗೂ ಹಾಲಿನ ಬೂತಿಗೂ ನಡುವೆ, ಒಂದೇ ಶಟರಿನ ಅಗಲದ ಕಂಪ್ಯೂಟರ್ ರಿಪೇರಿ ಅಂಗಡಿ ಇದೆ. ಫಲಕದ ಬಣ್ಣ ಬಿಸಿಲಿಗೆ ಮಾಸಿದ್ದು, ‘ಕಂಪ್ಯೂಟರ್ ಸರ್ವಿಸ್’ ಎಂಬುದನ್ನು ಬಿಟ್ಟರೆ ಓದಲು ಬರುವ ಅಕ್ಷರಗಳು ಉಳಿದಿಲ್ಲ. ಅಂಗಡಿಯಲ್ಲಿ ಇಬ್ಬರೇ ಇದ್ದಾರೆ. ಒಬ್ಬರು ಮನೆಗಳಿಗೆ ಹೋಗುತ್ತಾರೆ, ಇನ್ನೊಬ್ಬರು ಅಂಗಡಿಯಲ್ಲಿ ಕೂತಿರುತ್ತಾರೆ. ಕಳೆದ ತಿಂಗಳು ನನ್ನ ಮನೆಯ ಕಂಪ್ಯೂಟರಿನ ಧ್ವನಿ ಹೋದಾಗ ಇವರು ಮಾಡಿದ ಕೆಲಸವನ್ನು, ಮಾಡದೆ ಬಿಟ್ಟದ್ದನ್ನೂ ಸೇರಿಸಿ, ಇಲ್ಲಿ ಬರೆಯುತ್ತಿದ್ದೇನೆ.

ನಾನು ನ್ಯಾಯಾಲಯದಲ್ಲಿ ಶೀಘ್ರಲಿಪಿಗಾರ್ತಿಯಾಗಿದ್ದು ನಿವೃತ್ತಳಾದವಳು. ಈಗ ಉಪನ್ಯಾಸಗಳ ಹಾಗೂ ಸಂದರ್ಶನಗಳ ಧ್ವನಿಮುದ್ರಣ ಕೇಳಿ ಕನ್ನಡದಲ್ಲಿ ಬೆರಳಚ್ಚು ಮಾಡಿಕೊಡುತ್ತೇನೆ. ಆದ್ದರಿಂದ ಕಂಪ್ಯೂಟರಿನ ಧ್ವನಿ ನಿಂತರೆ ನನ್ನ ಕೆಲಸವೂ ಅಂದೇ ನಿಲ್ಲುತ್ತದೆ. ಹಳೆಯ ಮಾನಿಟರ್ ಕೆಟ್ಟಿದ್ದರಿಂದ ಹೊಸದನ್ನು ತಂದು, ಅದಕ್ಕೆ ಎಚ್‌ಡಿಎಂಐ ತಂತಿ ಜೋಡಿಸಿ, ಆ ನೆಪದಲ್ಲಿ ಮೇಜನ್ನೂ ಕಿಟಕಿಯ ಕಡೆಗೆ ಸರಿಸಿದ ದಿನವೇ ಈ ತೊಂದರೆ ಶುರುವಾಯಿತು. ಆ ದಿನದವರೆಗೆ ಸಿಪಿಯುವಿನ ಮುಂಭಾಗದ ಜ್ಯಾಕಿನಲ್ಲಿ ಹೆಡ್‌ಫೋನ್ ಸಿಕ್ಕಿಸಿಕೊಂಡು ಕೇಳುತ್ತಿದ್ದೆ. ಅದು ಕೆಲವು ತಿಂಗಳಿಂದ ಕರಕರ ಎನ್ನುತ್ತ ಒಂದೇ ಕಿವಿಗೆ ಕೇಳಿಸುತ್ತಿದ್ದುದರಿಂದ ಬೇಸತ್ತು ಕಿತ್ತುಹಾಕಿ, ಹಿಂಭಾಗಕ್ಕೆ ಸ್ಪೀಕರ್ ಜೋಡಿಸಿದೆ. ಸ್ಪೀಕರಿನ ದೀಪ ಹತ್ತಿತು. ಧ್ವನಿ ಮಾತ್ರ ಬರಲಿಲ್ಲ.

ಮೊದಲು ಸಿಪಿಯುವನ್ನು ಆಟೋದಲ್ಲಿಟ್ಟುಕೊಂಡು ನಗರದ ಮಧ್ಯದ ದೊಡ್ಡ ಮಳಿಗೆಯೊಂದಕ್ಕೆ ಹೋದೆ. ಅದರ ಹೆಸರು ಇಲ್ಲಿ ಬೇಡ. ಅಲ್ಲಿಯವರು ಒಂದು ದಿನ ಇಟ್ಟುಕೊಂಡು, ಇಡೀ ಯಂತ್ರವನ್ನು ಫಾರ್ಮ್ಯಾಟ್ ಮಾಡಿ ವಿಂಡೋಸನ್ನು ಹೊಸದಾಗಿ ಹಾಕಿ, ಆಮೇಲೂ ಧ್ವನಿ ಬಾರದ್ದರಿಂದ ಮದರ್‌ಬೋರ್ಡ್ (ಒಳಗಿನ ಭಾಗಗಳೆಲ್ಲ ಕೂಡುವ ಮುಖ್ಯ ಫಲಕ) ಹೋಗಿದೆ ಎಂದರು. ಫಾರ್ಮ್ಯಾಟಿಗೆ 600 ರೂಪಾಯಿ ಪಡೆದು, ಹೊಸ ಬೋರ್ಡಿಗೆ 6,500 ರೂಪಾಯಿ ಆಗುತ್ತದೆಂದು ಚೀಟಿ ಬರೆದುಕೊಟ್ಟರು. ವಿಂಡೋಸ್ 10ಕ್ಕೆ ಬೆಂಬಲ ನಿಂತಿರುವುದರಿಂದ ಹೀಗಾಗಿರಬಹುದು, ಹೊಸ ಸಿಪಿಯು ತೆಗೆದುಕೊಳ್ಳುವುದೇ ಒಳ್ಳೆಯದು ಎಂಬ ಸಲಹೆಯೂ ಜೊತೆಗೆ ಬಂತು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿದಿರುವುದು ನಿಜ. ಆದರೆ ಬೆಂಬಲ ಮುಗಿಯುವುದೆಂದರೆ ಭದ್ರತೆಯ ಪರಿಷ್ಕರಣೆಗಳು ಮೊದಲಿನಂತೆ ಬಾರವು ಎಂದರ್ಥವೇ ಹೊರತು, ನಿನ್ನೆಯವರೆಗೆ ಹಾಡುತ್ತಿದ್ದ ಯಂತ್ರ ಇಂದು ಮೂಕವಾಗುತ್ತದೆ ಎಂದಲ್ಲ. ಫಾರ್ಮ್ಯಾಟ್ ಮಾಡುವ ಮೊದಲು ಒಂದು ಮಾತು ಕೇಳಿದ್ದರೆ ನನ್ನ ನುಡಿ ತಂತ್ರಾಂಶ, ಅಕ್ಷರವಿನ್ಯಾಸಗಳು, ಹಾಗೂ ವರ್ಷಗಳಿಂದ ಕೂಡಿಸಿಟ್ಟ ಕೀಲಿ ಹೊಂದಾಣಿಕೆಗಳು ಉಳಿಯುತ್ತಿದ್ದವು. ಕಡತಗಳನ್ನು ಬೇರೆ ಡಿಸ್ಕಿನಲ್ಲಿ ಇಟ್ಟಿದ್ದೆನಾದ್ದರಿಂದ ಅವಾದರೂ ಉಳಿದವು.

ಸಾಲಗಾಮೆ ರಸ್ತೆಯ ಅಂಗಡಿಯನ್ನು ಹೇಳಿದವರು ಪಕ್ಕದ ಮನೆಯಲ್ಲಿ ಬಾಡಿಗೆಗಿರುವ ಎಂಜಿನಿಯರಿಂಗ್ ವಿದ್ಯಾರ್ಥಿಗಳು. ದೂರವಾಣಿ ಮಾಡಿದಾಗ, ತಂದುಬಿಡಿ ಎಂದು ಅವರು ಹೇಳಲಿಲ್ಲ. “ಮೇಡಂ, ಮೊದ್ಲು ಸ್ಪೀಕರ್ ಸರಿಯಿದ್ಯಾ ನೋಡಣ. ಪಿನ್ ಹೊರಗೆ ತೆಗೀರಿ, ಸ್ಪೀಕರ್ ಆನ್ ಇರ‍್ಲಿ, ವಾಲ್ಯೂಮ್ ಸ್ವಲ್ಪ ಕೊಟ್ಟು ಪಿನ್ನಿನ ತುದಿ ಬೆರಳಲ್ಲಿ ಮುಟ್ಟಿ” ಎಂದರು. ಮುಟ್ಟಿದೆ, ಗುಂಯ್ ಎಂದಿತು. ಕರೆಂಟಿನಿಂದ ನಡೆಯುವ ಸ್ಪೀಕರಿನಲ್ಲಿ ಹೀಗೆ ಸದ್ದು ಬಂದರೆ ಅದರ ಆಂಪ್ಲಿಫೈಯರೂ ತಂತಿಯೂ ಜೀವಂತವಾಗಿವೆ ಎಂದು ತಿಳಿಯಬೇಕಂತೆ. ಎರಡು ಸೆಕೆಂಡಿನ ಈ ಪರೀಕ್ಷೆಯನ್ನು ದೊಡ್ಡ ಮಳಿಗೆಯವರು ಮಾಡುವ ಹಾಗೂ ಇರಲಿಲ್ಲ. ಸ್ಪೀಕರನ್ನು ತನ್ನಿ ಎಂದು ಅವರು ಹೇಳಿರಲೇ ಇಲ್ಲ.

ಎರಡನೆಯ ಪ್ರಶ್ನೆ ಪಿನ್ ಯಾವ ಬಣ್ಣದ ಜ್ಯಾಕಿನಲ್ಲಿದೆ ಎಂಬುದು. ಹಸಿರು ಸ್ಪೀಕರಿಗೆ, ಗುಲಾಬಿ ಮೈಕಿಗೆ, ತಿಳಿನೀಲಿ ಹೊರಗಿನ ಸಾಧನದಿಂದ ಧ್ವನಿ ಒಳತರುವುದಕ್ಕೆ. ಪಿಸಿ 99 ಎಂಬ ಮಾರ್ಗಸೂಚಿಯ ಕಾಲದಿಂದ ಈ ಬಣ್ಣಗಳು ರೂಢಿಯಲ್ಲಿವೆ. ಮೇಜು ಸರಿಸಿದವರಲ್ಲಿ ಅರ್ಧ ಜನ ಪಿನ್ನನ್ನು ಪಕ್ಕದ ತೂತಿಗೆ ಹಾಕಿ ಕರೆ ಮಾಡುತ್ತಾರೆಂದು ಆಮೇಲೆ ನಗುತ್ತ ಹೇಳಿದರು. ನಾನು ಸರಿಯಾಗಿಯೇ ಹಾಕಿದ್ದೆ.

ಮೂರನೆಯದರಲ್ಲಿ ನಾನು ಸಿಕ್ಕಿಬಿದ್ದೆ. ಪರದೆಯ ಕೆಳಗಿನ ಬಲಮೂಲೆಯ ಸ್ಪೀಕರ್ ಚಿಹ್ನೆಯನ್ನು ಒತ್ತಿದಾಗ ಮೇಲೆ ಬರುವ ಹೆಸರು ಯಾವುದೆಂದು ಕೇಳಿದರು. ಅಲ್ಲಿದ್ದದ್ದು ನನ್ನ ಹೊಸ ಮಾನಿಟರಿನ ಹೆಸರು. ಹಳೆಯ ನೀಲಿ ತಲೆಯ ವಿಜಿಎ ತಂತಿ ಚಿತ್ರವನ್ನಷ್ಟೇ ಒಯ್ಯುತ್ತದೆ. ಎಚ್‌ಡಿಎಂಐ ಚಿತ್ರದ ಜೊತೆಗೆ ಧ್ವನಿಯನ್ನೂ ಒಯ್ಯಬಲ್ಲದು. ಆದ್ದರಿಂದ ಅದನ್ನು ಸಿಕ್ಕಿಸಿದಾಗ ಮಾನಿಟರನ್ನೂ ಒಂದು ಧ್ವನಿ ಸಾಧನವೆಂದು ಎಣಿಸಿ ವಿಂಡೋಸ್ ಅತ್ತ ಕಡೆಗೇ ಧ್ವನಿ ಕಳಿಸತೊಡಗುವುದುಂಟು. ನನ್ನ ಮಾನಿಟರಿನಲ್ಲಿ ಸ್ಪೀಕರೇ ಇಲ್ಲ. ಹೆಸರಿನ ಪಕ್ಕದ ಬಾಣವನ್ನು ಒತ್ತಿ ‘ಸ್ಪೀಕರ್ಸ್’ ಎಂಬುದನ್ನು ಆರಿಸಲು ಹೇಳಿದರು. ಬಹಳ ಮನೆಗಳಲ್ಲಿ ಕಥೆ ಇಲ್ಲಿಗೇ ಮುಗಿಯುತ್ತದೆ, ಅದಕ್ಕೆ ಅವರು ಹಣ ಕೇಳುವುದಿಲ್ಲ. ನನ್ನ ಮನೆಯಲ್ಲಿ ಮುಗಿಯಲಿಲ್ಲ. ಧ್ವನಿ ಫಲಕ ತೆರೆದು ಹಾಡು ಹಾಕಿದರೆ ‘ಸ್ಪೀಕರ್ಸ್’ ಪಕ್ಕದ ಹಸಿರು ಗೆರೆಗಳು ಏರಿಳಿಯುತ್ತಿದ್ದವು, ಸ್ಪೀಕರ್ ಮಾತ್ರ ಸುಮ್ಮನಿತ್ತು. ಅದನ್ನು ಕೇಳಿದ ಮೇಲೆಯೇ ಅವರು, “ಸರಿ, ಬಂದು ನೋಡ್ತೀನಿ” ಎಂದದ್ದು.

ಮನೆಗೆ ಬರುವುದಕ್ಕೆ 300 ರೂಪಾಯಿ. ಮಧ್ಯಾಹ್ನ ಮೂರಕ್ಕೆ ಬರುತ್ತೇನೆಂದವರು ಬಂದದ್ದು ಮರುದಿನ ಬೆಳಿಗ್ಗೆ ಹನ್ನೊಂದೂಕಾಲಿಗೆ. ನಡುವೆ ನಾನು ಮಾಡಿದ ನಾಲ್ಕು ಕರೆಗಳಲ್ಲಿ ಮೂರಕ್ಕೆ ಉತ್ತರವಿರಲಿಲ್ಲ. ಗಂಟೆ ನಿಮಿಷಗಳನ್ನು ಬರೆದಿಡುವುದು ನನಗೆ ವೃತ್ತಿಯಿಂದ ಬಂದ ಚಾಳಿ. ಅಂಕ ಕೊಡುವುದಾದರೆ ಸಮಯಪಾಲನೆಗೆ ಈ ಅಂಗಡಿಗೆ ನಾನು ಹತ್ತಕ್ಕೆ ಮೂರು ಕೊಡುತ್ತೇನೆ.

ಬಂದ ಮೇಲೆ ಮಾಡಿದ ಕೆಲಸಕ್ಕೆ ಮಾತ್ರ ಕಡಿಮೆ ಅಂಕ ಕೊಡಲಾರೆ. ಕಿಸೆಯಿಂದ ಪೆನ್‌ಡ್ರೈವ್ ತೆಗೆದು, ಹಾರ್ಡ್‌ಡಿಸ್ಕಿನಲ್ಲಿರುವ ಯಾವುದನ್ನೂ ಮುಟ್ಟದೆ, ಅದರಿಂದಲೇ ಉಬುಂಟು ಎಂಬ ಉಚಿತ ಕಾರ್ಯಾಚರಣಾ ವ್ಯವಸ್ಥೆಯನ್ನು ಶುರು ಮಾಡಿದರು. ಇದರ ತರ್ಕ ಸರಳವಾಗಿದೆ: ಪೆನ್‌ಡ್ರೈವಿನ ವ್ಯವಸ್ಥೆಯಲ್ಲಿ ಧ್ವನಿ ಬಂದರೆ ತಪ್ಪು ವಿಂಡೋಸಿನಲ್ಲಿ ಧ್ವನಿಯ ಭಾಗವನ್ನು ನಡೆಸುವ ತಂತ್ರಾಂಶವಾದ ಡ್ರೈವರಿನದೋ ಹೊಂದಾಣಿಕೆಯದೋ ಆಗಿರುತ್ತದೆ, ಅಲ್ಲಿಯೂ ಬಾರದಿದ್ದರೆ ತಂತಿ, ಜ್ಯಾಕ್, ಬೋರ್ಡುಗಳ ಕಡೆಗೆ ನೋಡಬೇಕಾಗುತ್ತದೆ. ಫಾರ್ಮ್ಯಾಟ್ ಮಾಡಿ ಒಂದು ದಿನದಲ್ಲಿ ತಿಳಿದದ್ದನ್ನು ಇದು ಹತ್ತು ನಿಮಿಷಗಳಲ್ಲಿ, ಏನನ್ನೂ ಅಳಿಸದೆ, ತಿಳಿಸುತ್ತದೆ. ಇಲ್ಲಿಯೂ ಧ್ವನಿ ಬರಲಿಲ್ಲ. ಆದರೆ ಧ್ವನಿಯ ಪುಟದಲ್ಲಿ ‘ಹೆಡ್‌ಫೋನ್ಸ್’ ಎಂದು ಕಾಣಿಸುತ್ತಿತ್ತು. ಅವರು ಬಗ್ಗಿ ಸಿಪಿಯುವಿನ ಮುಂಭಾಗ ನೋಡಿದರು. ಅಲ್ಲಿ ಏನನ್ನೂ ಸಿಕ್ಕಿಸಿರಲಿಲ್ಲ.

“ಮುಂದಿನ ಜ್ಯಾಕಿಗೆ ಹೆಡ್‌ಫೋನ್ ಹಾಕೋದು ಯಾವಾಗ ಬಿಟ್ರಿ ಮೇಡಂ?” ಎಂದು ಕೇಳಿದರು. ಮಾನಿಟರ್ ತಂದ ದಿನವೇ ಎಂದೆ. ನನ್ನ ಹಳೆಯ ಹೆಡ್‌ಫೋನ್ ತರಿಸಿ ಮುಂದಿನ ಜ್ಯಾಕಿಗೆ ಹಾಕಿದಾಗ ಕರಕರದ ನಡುವೆ ಒಂದು ಕಿವಿಗೆ ಹಾಡು ಕೇಳಿಸಿತು. ಸತ್ತಿದೆ ಎಂದು ಚೀಟಿ ಬರೆಸಿಕೊಂಡಿದ್ದ ಬೋರ್ಡು ಹಾಡುತ್ತಿತ್ತು.

ಮುಂಭಾಗದ 3.5 ಮಿಲಿಮೀಟರ್ ಜ್ಯಾಕಿನ ಒಳಗೆ ಪಿನ್ ಬಂದಿದೆಯೇ ಇಲ್ಲವೇ ಎಂದು ಬೋರ್ಡಿನ ಧ್ವನಿ ಚಿಪ್ಪಿಗೆ ತಿಳಿಸುವ ಸಣ್ಣ ಲೋಹದ ಎಲೆಯೊಂದು ಇರುತ್ತದೆ. ಪಿನ್ ಒಳಗೆ ಹೋದಾಗ ಅದು ಸರಿಯುತ್ತದೆ, ಹೊರಗೆ ಬಂದಾಗ ಮರಳಿ ತನ್ನ ಜಾಗಕ್ಕೆ ಬರಬೇಕು. ಹೆಡ್‌ಫೋನ್ ಹಾಕಿದೊಡನೆ ಹಿಂದಿನ ಸ್ಪೀಕರ್ ತಾನಾಗಿ ಸುಮ್ಮನಾಗುವ ಅನುಕೂಲ ಇರುವುದು ಈ ವ್ಯವಸ್ಥೆಯಿಂದಲೇ. ನನ್ನ ಜ್ಯಾಕಿನ ಎಲೆ ತುಕ್ಕು ಹಿಡಿದು, ನಾನು ಪಿನ್ ಕಿತ್ತ ಮೇಲೂ ಸರಿದ ಜಾಗದಲ್ಲಿಯೇ ನಿಂತುಬಿಟ್ಟಿತ್ತು. ಹಾಗಾಗಿ ಹೆಡ್‌ಫೋನ್ ಇನ್ನೂ ಇದೆಯೆಂದೇ ತಿಳಿದ ಚಿಪ್ಪು ಸ್ಪೀಕರಿನ ಬಾಯಿ ಮುಚ್ಚಿಸಿತ್ತು. ಈ ಕಂಪ್ಯೂಟರ್ ಸಕಲೇಶಪುರದ ನನ್ನ ತವರುಮನೆಯಲ್ಲಿ ಎರಡು ಮಳೆಗಾಲ ಕಳೆದದ್ದು. ಜೂನ್‌ನಿಂದ ಸೆಪ್ಟೆಂಬರಿನವರೆಗೆ ಕಪಾಟಿನ ಬಟ್ಟೆಗೇ ಬೂಸಲು ಬರುವ ಆ ಮನೆಯಲ್ಲಿ ಕೂದಲೆಳೆಯಂಥ ಲೋಹಕ್ಕೆ ತುಕ್ಕು ಹತ್ತಿದ್ದರಲ್ಲಿ ಆಶ್ಚರ್ಯವಿಲ್ಲ. ಘಟ್ಟದ ಸೆರಗಿನಿಂದ ಬಂದ ಸಿಪಿಯುಗಳಲ್ಲಿ ಇದನ್ನು ಹಲವು ಸಲ ಕಂಡಿದ್ದೇನೆಂದು ಅವರೂ ಹೇಳಿದರು. ಮಾನಿಟರಿನ ತೊಂದರೆಯೂ ಜ್ಯಾಕಿನ ತೊಂದರೆಯೂ ಒಂದೇ ದಿನ ಕೂಡಿಕೊಂಡಿದ್ದರಿಂದ, ಒಂದನ್ನು ಸರಿಪಡಿಸಿದರೂ ಏನೂ ಆಗಲಿಲ್ಲವೆಂದೇ ತೋರುತ್ತಿತ್ತು.

ಪರಿಹಾರಕ್ಕೆ ಐದು ನಿಮಿಷವೂ ಹಿಡಿಯಲಿಲ್ಲ. ಕರೆಂಟಿನ ತಂತಿ ಕಿತ್ತು, ಪಕ್ಕದ ತಗಡು ಬಿಚ್ಚಿ, ಮುಂಭಾಗದ ಜ್ಯಾಕಿನಿಂದ ಬೋರ್ಡಿಗೆ ಬರುವ, ಒಂಬತ್ತು ಕಡ್ಡಿಗಳ ಮೇಲೆ ಕೂರುವ ಸಣ್ಣ ಕನೆಕ್ಟರನ್ನು ಎಳೆದು ತೆಗೆದರು. ಮತ್ತೆ ಶುರು ಮಾಡಿದಾಗ ಹಿಂದಿನ ಸ್ಪೀಕರಿನಿಂದ, ನಾನು ಅರ್ಧಕ್ಕೆ ನಿಲ್ಲಿಸಿದ್ದ ಸಂದರ್ಶನದಲ್ಲಿ ಹಿರಿಯರೊಬ್ಬರು ಕೆಮ್ಮಿದ ಸದ್ದು ಕೇಳಿಸಿತು. ಆಮೇಲೆ ಮಾನಿಟರಿನ ಹೆಸರನ್ನು ಧ್ವನಿ ಸಾಧನಗಳ ಪಟ್ಟಿಯಲ್ಲಿ ನಿಷ್ಕ್ರಿಯಗೊಳಿಸಿ, ಮುಂದೆ ಯಾವಾಗಲಾದರೂ ತಂತಿ ಕಿತ್ತು ಹಾಕಿದಾಗ ಧ್ವನಿ ಅತ್ತ ಓಡದಂತೆ ಮಾಡಿದರು. ಅದನ್ನು ಹೇಗೆ ಮಾಡುವುದೆಂದು ನನ್ನಿಂದಲೇ ಒಂದು ಸಲ ಮಾಡಿಸಿದ್ದು ನನಗೆ ಹಿಡಿಸಿತು.

ಕೊರತೆಗಳು ಇಲ್ಲದಿಲ್ಲ. ರಸೀದಿಯನ್ನು ಕೇಳಿ ಪಡೆಯಬೇಕಾಯಿತು. ಪಡೆದದ್ದು ಬಿಳಿ ಹಾಳೆಯ ತುಂಡು, ಅದರಲ್ಲಿ ‘ಸೌಂಡ್ ಪ್ರಾಬ್ಲಂ, 300’ ಎಂದಷ್ಟೇ ಇತ್ತು. ಯಾವ ಭಾಗ ಕೆಟ್ಟಿತ್ತು, ಏನನ್ನು ಬಿಚ್ಚಿಟ್ಟಿದ್ದಾರೆ ಎಂಬುದು ಅದರಲ್ಲಿ ಇರಬೇಕಿತ್ತು, ಏಕೆಂದರೆ ನಾಳೆ ಬೇರೆಯವರು ತೆರೆದು ನೋಡಿ ಆ ಕನೆಕ್ಟರನ್ನು ಮರಳಿ ಸಿಕ್ಕಿಸಿದರೆ ನನ್ನ ಯಂತ್ರ ಪುನಃ ಮೂಕವಾಗುತ್ತದೆ. ಕೊನೆಗೆ ನಾನೇ ಒಂದು ಚೀಟಿ ಬರೆದು ತಗಡಿನ ಒಳಬದಿಗೆ ಅಂಟಿಸಿದೆ. ಸ್ಪೀಕರ್ ಕೆಟ್ಟಿದ್ದರೆ ಅದನ್ನು ಇವರು ರಿಪೇರಿ ಮಾಡುವುದಿಲ್ಲ. ಮಂಗಳವಾರ ಅಂಗಡಿ ತೆರೆಯುವುದಿಲ್ಲ.

ಮುಂಭಾಗದ ಹೊಸ ಜ್ಯಾಕಿನ ಪಟ್ಟಿ ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಬರಬೇಕು, ಕೂರಿಸುವ ಕೂಲಿ ಸೇರಿ 150 ರೂಪಾಯಿ, ಒಂದು ವಾರ ಸಾಕು ಎಂದಿದ್ದರು. ಇಂದಿಗೆ ಮೂರು ವಾರವಾಯಿತು, ಬಂದಿಲ್ಲ. ಹೆಡ್‌ಫೋನ್ ಹಾಕಲು ಪ್ರತಿಸಲ ಮೇಜಿನ ಹಿಂದೆ ಬಗ್ಗಲಾಗದೆಂದು ದೂರಿದ್ದಕ್ಕೆ, ಹಸಿರು ಜ್ಯಾಕಿನಿಂದ ಮೇಜಿನ ಅಂಚಿನವರೆಗೆ ಬರುವ ಎರಡು ಮೀಟರಿನ ತಂತಿಯೊಂದನ್ನು ಹಣ ಪಡೆಯದೆ ಕೊಟ್ಟಿದ್ದಾರೆ. ರಸೀದಿ ಬರೆಯಲು ಅಷ್ಟು ಹಿಂದೆಮುಂದೆ ನೋಡಿದವರು, ಆ ತಂತಿಯನ್ನು ಮಾತ್ರ ನನ್ನ ಹೆಸರು, ತಾರೀಖು, ಉದ್ದ ಸಮೇತ ತಮ್ಮ ಪುಸ್ತಕದಲ್ಲಿ ಬರೆದುಕೊಂಡು ನನ್ನಿಂದ ಸಹಿ ಹಾಕಿಸಿಕೊಂಡರು.