ಆಂಕೋಟೈಪ್ ಡಿಎಕ್ಸ್ ಅಥವಾ ಮ್ಯಾಮಾಪ್ರಿಂಟ್: ಯಾವುದನ್ನು ಮಾಡಿಸಬೇಕು?

ಸ್ತನ ಕ್ಯಾನ್ಸರ್ ಆಪರೇಷನ್ ಆದ ಮೇಲೆ ದೊಡ್ಡ ಪ್ರಶ್ನೆ ಒಂದೇ. ಕೀಮೋ ಬೇಕಾ, ಹಾರ್ಮೋನ್ ಮಾತ್ರೆ ಸಾಕಾ? ಗಡ್ಡೆಯಲ್ಲಿ ಯಾವ ಜೀನ್‌ಗಳು ಎಷ್ಟು ಚುರುಕಾಗಿವೆ ಎಂದು ಅಳೆದು ಎರಡೂ ಪರೀಕ್ಷೆಗಳು ಇದಕ್ಕೆ ಉತ್ತರ ಹುಡುಕುತ್ತವೆ.

ಆಂಕೋಟೈಪ್ 21 ಜೀನ್‌ಗಳನ್ನು ನೋಡಿ 0ಯಿಂದ 100ರವರೆಗೆ ಅಂಕ ಕೊಡುತ್ತದೆ. ಅಂಕ ಜಾಸ್ತಿಯಾದಷ್ಟೂ ರೋಗ ಮರಳುವ ಅಪಾಯ ಜಾಸ್ತಿ. ಹಾರ್ಮೋನ್ ಪಾಸಿಟಿವ್ (ಗಡ್ಡೆ ಹಾರ್ಮೋನ್‌ನಿಂದ ಬೆಳೆಯುವಂಥದ್ದು), ಹರ್-2 ನೆಗೆಟಿವ್ (ಹರ್-2 ಎಂಬ ಪ್ರೋಟೀನ್ ಹೆಚ್ಚಿಲ್ಲದ್ದು) ಆಗಿದ್ದು, ಕಂಕುಳ ಗ್ರಂಥಿಗೆ ಹರಡದವರ ಮೇಲೆ ನಡೆದ ಟೇಲರ್‌ಎಕ್ಸ್ ಅಧ್ಯಯನದ ಫಲಿತಾಂಶ 2018ರಲ್ಲಿ ಬಂತು. 50 ದಾಟಿದವರಲ್ಲಿ ಅಂಕ 25ರವರೆಗೆ ಇದ್ದರೆ ಕೀಮೋದಿಂದ ಹೆಚ್ಚಿನ ಲಾಭ ಕಾಣಲಿಲ್ಲ. ಎಷ್ಟೋ ಹೆಂಗಸರಿಗೆ ಸುಮ್ನೆ ಆಗುತ್ತಿದ್ದ ಕೀಮೋ ತಪ್ಪಿತು, ದೊಡ್ಡ ವಿಷಯ ಅಲ್ವಾ? ಆದರೆ 50 ಅಥವಾ ಅದಕ್ಕಿಂತ ಚಿಕ್ಕವರಲ್ಲಿ ಅಂಕ 16ರಿಂದ 25 ಇದ್ದಾಗ ಸ್ವಲ್ಪ ಲಾಭ ಕಂಡಿತು.

ನೆದರ್ಲೆಂಡ್ಸ್‌ನ ಮ್ಯಾಮಾಪ್ರಿಂಟ್ 70 ಜೀನ್‌ಗಳನ್ನು ನೋಡಿ ಅಪಾಯ ಕಡಿಮೆ ಅಥವಾ ಜಾಸ್ತಿ ಎಂದು ಹೇಳುತ್ತದೆ. ನಡುವಿನ ಉತ್ತರವಿಲ್ಲ. 2016ರ ಮೈಂಡ್ಯಾಕ್ಟ್ ಅಧ್ಯಯನದಲ್ಲಿ, ಗಡ್ಡೆಯ ಗಾತ್ರ, ಗ್ರೇಡ್ (ಕ್ಯಾನ್ಸರ್ ಕೋಶಗಳು ಎಷ್ಟು ಉಗ್ರವಾಗಿ ಕಾಣುತ್ತವೆ ಎಂಬ ಮಟ್ಟ) ನೋಡಿದರೆ ಅಪಾಯ ಜಾಸ್ತಿ, ಜೀನ್ ಪ್ರಕಾರ ಕಡಿಮೆ ಎನ್ನುವವರು ಕೀಮೋ ಬಿಟ್ಟರೂ, 5 ವರ್ಷಕ್ಕೆ ಸುಮಾರು 95% ಜನರಲ್ಲಿ ರೋಗ ದೂರದ ಅಂಗಕ್ಕೆ ಹರಡಿರಲಿಲ್ಲ.

ಮುಟ್ಟು ನಿಂತವರಿಗೆ ನನ್ನ ಮೊದಲ ಆಯ್ಕೆ ಆಂಕೋಟೈಪ್. ಗಡ್ಡೆ ದೊಡ್ಡದಿದ್ದು ಕೀಮೋ ಬಗ್ಗೆ ಅನುಮಾನವಿದ್ದರೆ ಮ್ಯಾಮಾಪ್ರಿಂಟ್ ಕೇಳಿ. ಮುಟ್ಟು ಇನ್ನೂ ಬರುತ್ತಿದ್ದರೆ ಬರೀ ಪರೀಕ್ಷೆ ನಂಬಿ ಕೀಮೋ ಬಿಡಬೇಡಿ. ಖರ್ಚು ಭಾರವಾದರೆ ಬೆಂಗಳೂರಿನ ಆಂಕೋಸ್ಟೆಮ್ ಕಂಪನಿ ರೂಪಿಸಿದ ಕ್ಯಾನ್‌ಅಸಿಸ್ಟ್ ಪರೀಕ್ಷೆ ಬಗ್ಗೆ ವೈದ್ಯರನ್ನು ವಿಚಾರಿಸಿ. ಅದು ಜೀನ್ ಅಲ್ಲ, 5 ಪ್ರೋಟೀನ್‌ಗಳನ್ನು ನೋಡುತ್ತದೆ. ಟ್ರಿಪಲ್ ನೆಗೆಟಿವ್ (ಹಾರ್ಮೋನ್ ಪಾಸಿಟಿವ್ ಅಲ್ಲದ, ಹರ್-2 ಕೂಡ ನೆಗೆಟಿವ್ ಇರುವ ಕ್ಯಾನ್ಸರ್) ಆದವರು ಇದಕ್ಕೆಲ್ಲ ಹಣ ಹಾಕುವುದು ಬೇಡ.